ಸಡಿಲಗೊಂಡ ಜೆಟ್: ಸಾಂಟಾ ಮೋನಿಕಾದ ಒಂದು ತುರ್ತು ಇಳಿತದ ಇತಿಹಾಸ

ಒಂದೇ ಎಂಜಿನ್ನಿನ ಹಗುರ ವಿಮಾನವು ರನ್‌ವೇ ಬಿಟ್ಟು ಮೇಲೇರತೊಡಗಿದ ಮೊದಲ ಒಂದೆರಡು ನಿಮಿಷಗಳು ಅದರ ಇಡೀ ಹಾರಾಟದಲ್ಲೇ ಅತ್ಯಂತ ಇಕ್ಕಟ್ಟಿನ ಅವಧಿ. ಆಗ ವಿಮಾನದ ಮೂತಿ ಮೇಲಕ್ಕೆ ಎತ್ತಿರುತ್ತದೆ, ವೇಗ ಇನ್ನೂ ಕಡಿಮೆಯಿರುತ್ತದೆ, ಕೆಳಗಿನ ನೆಲ ಹತ್ತಿರದಲ್ಲೇ ಇರುತ್ತದೆ. ಹೀಗಾಗಿ ಎಂಜಿನ್ ನಿಂತರೆ ಯೋಚಿಸಲು ಬೇಕಾದ ಸಮಯವಾಗಲಿ, ಜಾಗ ಹುಡುಕಲು ಬೇಕಾದ ಎತ್ತರವಾಗಲಿ ಚಾಲಕನ ಬಳಿ ಉಳಿದಿರುವುದಿಲ್ಲ. 2015ರ ಮಾರ್ಚ್ 5ರ ಮಧ್ಯಾಹ್ನ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಮೇಲೇರಿದ ರಯಾನ್ ಕಂಪನಿಯ ಹಳೆಯ ತರಬೇತಿ ವಿಮಾನವೊಂದು ಇಂಥದೇ ಘಳಿಗೆಯಲ್ಲಿ ಶಕ್ತಿ ಕಳೆದುಕೊಂಡು, ನಿಲ್ದಾಣಕ್ಕೆ ಹೊಂದಿಕೊಂಡಂತಿರುವ ಪೆನ್‌ಮಾರ್ ಗಾಲ್ಫ್ ಮೈದಾನಕ್ಕೆ ಬಿದ್ದಿತು. ಒಬ್ಬನೇ ಹಾರಿಸುತ್ತಿದ್ದ ಚಾಲಕ ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಆಗಿದ್ದುದರಿಂದ ಸುದ್ದಿ ಕೆಲವೇ ಗಂಟೆಗಳಲ್ಲಿ ಜಗತ್ತನ್ನು ಸುತ್ತಿತಾದರೂ, ವಾಯುಯಾನದ ಇತಿಹಾಸದಲ್ಲಿ ಈ ಘಟನೆಗಿರುವ ಬೆಲೆ ನಟನ ಹೆಸರಿನಿಂದ ಬಂದದ್ದಲ್ಲ. ಎಪ್ಪತ್ತು ವರ್ಷ ದಾಟಿದ ಯಂತ್ರವೊಂದರಲ್ಲಿ, ಯಾವ ಕೈಪಿಡಿಯೂ ಪರೀಕ್ಷಿಸಲು ಹೇಳದಿದ್ದ ಸಣ್ಣದೊಂದು ಭಾಗ ಯಾರ ಕಣ್ಣಿಗೂ ಬೀಳದೆ ಸಡಿಲವಾಗುತ್ತ ಹೋದ ರೀತಿ, ಹಾಗೂ ಮೊದಲ ಮಹಾಯುದ್ಧದ ಕಾಲದಿಂದ ಚಾಲಕರ ಕೈಗೆ ರೂಢಿಯಾಗಿ ಇಳಿದು ಬಂದಿದ್ದ ಶಿಸ್ತು ಆ ಕೊರತೆಯನ್ನು ಎದುರಿಸಿದ ರೀತಿ, ಇವೆರಡೂ ಒಂದೇ ಘಟನೆಯಲ್ಲಿ ಇಷ್ಟು ಸ್ಪಷ್ಟವಾಗಿ ದಾಖಲಾಗಿರುವುದು ಅಪರೂಪ.

ಆ ವಿಮಾನ ಹುಟ್ಟಿದ ಮನೆಯಿಂದಲೇ ಕಥನವನ್ನು ಆರಂಭಿಸುವುದು ಉಚಿತ. ಟಿ. ಕ್ಲಾಡ್ ರಯಾನ್ ಸ್ಯಾನ್ ಡಿಯಾಗೊ ನಗರದಲ್ಲಿ ಕಟ್ಟಿದ ಮೊದಲ ಕಂಪನಿಯು 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಾಗರವನ್ನು ಏಕಾಂಗಿಯಾಗಿ ದಾಟಿದ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನವನ್ನು ತಯಾರಿಸಿತು. ಆದರೆ ಅಷ್ಟರಲ್ಲಿ ರಯಾನ್ ತನ್ನ ಪಾಲನ್ನು ಪಾಲುದಾರನಿಗೆ ಮಾರಿಬಿಟ್ಟಿದ್ದ. ಮುಂದೆ ಆತ ಹೊಸದಾಗಿ ಆರಂಭಿಸಿದ ಕಾರ್ಖಾನೆಯಿಂದ 1934ರಲ್ಲಿ ಹೊರಬಂದದ್ದು ಎಸ್‌ಟಿ ಎಂಬ ಎರಡು ಆಸನಗಳ ಕ್ರೀಡಾ ವಿಮಾನ. ಹೊಳೆಯುವ ಅಲ್ಯೂಮಿನಿಯಂ ಒಡಲು, ಕೆಳಭಾಗಕ್ಕೆ ಜೋಡಿಸಿ ತಂತಿಗಳಿಂದ ಬಿಗಿದ ಬಟ್ಟೆ ಹೊದಿಸಿದ ರೆಕ್ಕೆಗಳು, ಒಂದರ ಹಿಂದೊಂದು ತೆರೆದ ಆಸನಗಳು, ಇದು ಅದರ ರೂಪ. ಆ ಕಾಲದ ತರಬೇತಿ ವಿಮಾನಗಳು ಸಾಮಾನ್ಯವಾಗಿ ಒಂದರ ಮೇಲೊಂದು ರೆಕ್ಕೆಯಿದ್ದ ದ್ವಿಪರ್ಣ ವಿಮಾನಗಳಾಗಿದ್ದು, ಅಮೆರಿಕದ ಸೇನೆಯೂ ಅವುಗಳನ್ನೇ ನೆಚ್ಚಿಕೊಂಡಿತ್ತು. 1939ರಲ್ಲಿ ಸೇನೆಯ ವಾಯುದಳವು ರಯಾನ್ ವಿಮಾನವನ್ನು ಪಿಟಿ-16 ಎಂಬ ಹೆಸರಿನಲ್ಲಿ ಪರೀಕ್ಷೆಗೆ ತೆಗೆದುಕೊಂಡಾಗ, ಏಕಪರ್ಣ ವಿಮಾನವೊಂದು ಆ ದಳದ ಪ್ರಾಥಮಿಕ ತರಬೇತಿಗೆ ಮೊದಲ ಬಾರಿಗೆ ಪ್ರವೇಶ ಪಡೆದಂತಾಯಿತು.

ಯುರೋಪಿನಲ್ಲಿ ಯುದ್ಧ ಸಮೀಪಿಸುತ್ತಿದ್ದಂತೆ ಅಮೆರಿಕಕ್ಕೆ ಬೇಕಾದ ಚಾಲಕರ ಸಂಖ್ಯೆ ಸಾವಿರಗಳಿಂದ ಹತ್ತಾರು ಸಾವಿರಗಳತ್ತ ಏರತೊಡಗಿತು. ಅಷ್ಟು ಜನರಿಗೆ ಕಲಿಸುವ ಶಕ್ತಿ ಸೇನೆಯ ಶಾಲೆಗಳಿಗೆ ಇರಲಿಲ್ಲವಾದ್ದರಿಂದ, ವಾಯುದಳದ ಮುಖ್ಯಸ್ಥ ಹೆನ್ರಿ ಆರ್ನಾಲ್ಡ್ ಖಾಸಗಿ ಹಾರಾಟ ಶಾಲೆಗಳಿಗೆ ಪ್ರಾಥಮಿಕ ತರಬೇತಿಯನ್ನು ಗುತ್ತಿಗೆ ಕೊಡುವ ಏರ್ಪಾಡು ಮಾಡಿದರು, ಮತ್ತು ರಯಾನ್ ನಡೆಸುತ್ತಿದ್ದ ಶಾಲೆಯೂ ಆ ಗುತ್ತಿಗೆ ಪಡೆದವುಗಳಲ್ಲಿ ಒಂದಾಗಿತ್ತು. ದಿನವಿಡೀ ಅನನುಭವಿ ವಿದ್ಯಾರ್ಥಿಗಳ ಕೈಯಲ್ಲಿ ಏರಿ ಇಳಿಯುವ ವಿಮಾನಕ್ಕೆ ಮೊದಲಿದ್ದ ಮೆನಾಸ್ಕೊ ಎಂಜಿನ್, ಅಂದರೆ ಸಿಲಿಂಡರುಗಳು ಒಂದೇ ಸಾಲಿನಲ್ಲಿ ತಲೆಕೆಳಗಾಗಿ ಜೋತ ಎಂಜಿನ್, ತಾಳಿಕೆಗೆ ಬರಲಿಲ್ಲ. ಅದರ ಜಾಗಕ್ಕೆ ಐದು ಸಿಲಿಂಡರುಗಳನ್ನು ನಕ್ಷತ್ರದ ಆಕಾರದಲ್ಲಿ ಸುತ್ತಲೂ ಜೋಡಿಸಿದ ಕಿನ್ನರ್ ಎಂಜಿನ್ ಬಂದಿತು. ಇಂಥ ಎಂಜಿನ್ನನ್ನು ರೇಡಿಯಲ್ ಎಂಜಿನ್ ಎನ್ನುತ್ತಾರೆ. ಹೀಗೆ ರೂಪುಗೊಂಡ 160 ಅಶ್ವಶಕ್ತಿಯ ಪಿಟಿ-22 ವಿಮಾನಕ್ಕೆ 'ರಿಕ್ರೂಟ್' ಎಂಬ ಹೆಸರು ಬಿದ್ದಿತು, ಮತ್ತು ಅಂಥ 1,023 ವಿಮಾನಗಳು ತಯಾರಾದವು.

ಎಂಜಿನ್ ತಯಾರಿಸಿದ ಬರ್ಟ್ ಕಿನ್ನರ್‌ನ ಹೆಸರು ಇಂದು ಹೆಚ್ಚು ಜನರಿಗೆ ನೆನಪಿಲ್ಲ. ಲಾಸ್ ಏಂಜಲೀಸ್ ಬಳಿಯ ಆತನ ಮೈದಾನದಲ್ಲೇ ಅಮೇಲಿಯಾ ಇಯರ್‌ಹಾರ್ಟ್ 1921ರಲ್ಲಿ ಹಾರಾಟದ ಮೊದಲ ಪಾಠಗಳನ್ನು ಕಲಿತು, ಆತನೇ ಕಟ್ಟಿದ ಹಳದಿ ಬಣ್ಣದ ವಿಮಾನವನ್ನು ಕೊಂಡುಕೊಂಡಿದ್ದಳು. ಕಿನ್ನರ್ ಹೆಸರಿನ ಎಂಜಿನ್ನುಗಳು 1930ರ ದಶಕದಲ್ಲಿ ಅಮೆರಿಕದ ಸಣ್ಣ ವಿಮಾನಗಳಲ್ಲೆಲ್ಲ ಕಾಣುತ್ತಿದ್ದವು. ಯುದ್ಧ ಮುಗಿದು ಸಾವಿರಾರು ತರಬೇತಿ ವಿಮಾನಗಳು ಅಗ್ಗದ ಬೆಲೆಗೆ ನಾಗರಿಕರ ಕೈಗೆ ಬಂದಾಗ ಎಂಜಿನ್ನುಗಳೂ ಬಂದವು, ಆದರೆ ತಯಾರಕ ಸಂಸ್ಥೆಗಳು ಮುಚ್ಚುತ್ತ ಹೋದವು, ಇಲ್ಲವೆ ಬೇರೆ ಉದ್ಯಮಗಳತ್ತ ತಿರುಗಿದವು. ಅಂದಿನಿಂದ ಈ ಯಂತ್ರಗಳನ್ನು ಬದುಕಿಸಿಕೊಂಡು ಬಂದವರು ಹವ್ಯಾಸಿಗಳು ಮತ್ತು ಬೆರಳೆಣಿಕೆಯ ಮೆಕ್ಯಾನಿಕ್‌ಗಳು. ಅವರಿಗೆ ಆಧಾರವಾಗಿದ್ದದ್ದು ಯುದ್ಧಕಾಲದಲ್ಲಿ ಸೇನೆಗಾಗಿ ಅವಸರದಲ್ಲಿ ಅಚ್ಚಾದ ಕೈಪಿಡಿಗಳು. ಕೆಲವು ವರ್ಷ ಬಳಸಿ ಬಿಸಾಡುವ ಯಂತ್ರಕ್ಕೆಂದು ಬರೆದ ಪುಸ್ತಕವನ್ನೇ ಏಳು ದಶಕಗಳ ಕಾಲ ಪ್ರಮಾಣವೆಂದು ಹಿಡಿಯಬೇಕಾಗಿ ಬಂದದ್ದು ಈ ಕಥನದ ತಿರುಳು.

ಅದೇ ಪೀಳಿಗೆಯ ಕ್ಯಾಲಿಫೋರ್ನಿಯಾದ ತರಬೇತಿ ವಿಮಾನಗಳಿಗೆ ಬೆಂಗಳೂರಿನೊಂದಿಗೂ ನೇರ ನಂಟಿದೆ ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಮೈಸೂರು ಸಂಸ್ಥಾನದ ನೆರವಿನಿಂದ ವಾಲಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1941ರಲ್ಲಿ ಮೊಟ್ಟಮೊದಲು ಜೋಡಿಸಿ ಹಾರಿಸಿದ್ದು ಹಾರ್ಲೊ ಎಂಬ ತರಬೇತಿ ವಿಮಾನವನ್ನು. ಅದರ ವಿನ್ಯಾಸದ ಮೂಲ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೊ ತನ್ನ ವಿದ್ಯಾರ್ಥಿಗಳೊಂದಿಗೆ ಕಟ್ಟಿದ ಲೋಹದ ವಿಮಾನದಲ್ಲಿದೆ. ಒಂದು ಎಂಜಿನ್, ಒಂದರ ಹಿಂದೊಂದು ಎರಡು ಆಸನ, ಕೆಳಭಾಗದ ರೆಕ್ಕೆ ಎಂಬ ಆ ಕಾಲದ ಹೊಸ ಮಾದರಿಯು ಸ್ಯಾನ್ ಡಿಯಾಗೊದಲ್ಲಿ ರಿಕ್ರೂಟ್ ಆಗಿ ರೂಪುಗೊಂಡ ಹೊತ್ತಿಗೇ ಬೆಂಗಳೂರಿನ ಮೈದಾನವನ್ನೂ ತಲುಪಿತ್ತು.

ಇನ್ನು ಸಾಂಟಾ ಮೋನಿಕಾದ ಮೈದಾನ. ಮೊದಲ ಮಹಾಯುದ್ಧದಲ್ಲಿ ಮಡಿದ ಚಾಲಕನೊಬ್ಬನ ನೆನಪಿಗಾಗಿ ಕ್ಲೋವರ್ ಫೀಲ್ಡ್ ಎಂದು ಕರೆಯಲ್ಪಟ್ಟ ಈ ನಿಲ್ದಾಣ ಡಗ್ಲಾಸ್ ವಿಮಾನ ಕಾರ್ಖಾನೆಯ ತವರಾಗಿತ್ತು. 1924ರಲ್ಲಿ ಮೊದಲ ಬಾರಿಗೆ ಭೂಮಿಯನ್ನು ಸುತ್ತಿಬಂದ ಡಗ್ಲಾಸ್ ವಿಮಾನಗಳು ಹೊರಟದ್ದು ಇಲ್ಲಿಂದ, 1935ರ ಡಿಸೆಂಬರ್ 17ರಂದು ಡಿಸಿ-3 ಮೊದಲು ಹಾರಿದ್ದೂ ಇಲ್ಲಿಂದಲೇ. ಆದರೆ ಪ್ರಸ್ತುತ ವಿಷಯಕ್ಕೆ ಇವೆರಡಕ್ಕಿಂತ ಹತ್ತಿರವಾದದ್ದು 1933ರ ಜುಲೈ 1ರ ಘಟನೆ. ಅಂದು ಡಿಸಿ-3ರ ಪೂರ್ವಜನಾದ ಡಿಸಿ-1 ಎಂಬ ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನವನ್ನು ಕಾರ್ಲ್ ಕವರ್ ಮೊದಲ ಬಾರಿಗೆ ಮೇಲೇರಿಸಿದಾಗ, ಹತ್ತುವ ಹಂತದಲ್ಲೇ ಎಂಜಿನ್ನುಗಳು ಮುಗ್ಗರಿಸಿ ನಿಂತವು. ಆತ ತಟ್ಟನೆ ಮೂತಿಯನ್ನು ಕೆಳಗಿಳಿಸಿದ. ಎಂಜಿನ್ನುಗಳು ಮತ್ತೆ ಜೀವ ಹಿಡಿದವು. ಮತ್ತೆ ಹತ್ತಲು ನೋಡಿದರೆ ಮತ್ತೆ ನಿಂತವು. ಸ್ವಲ್ಪ ಹತ್ತಿ, ಮೂತಿ ತಗ್ಗಿಸಿ, ಮತ್ತೆ ಸ್ವಲ್ಪ ಹತ್ತಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಎತ್ತರ ಗಳಿಸಿಕೊಂಡು ಆತ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದ. ಕಾರಣ ಸಿಕ್ಕಿದ್ದು ಕಾರ್ಬ್ಯುರೇಟರಿನಲ್ಲಿ: ಅದರೊಳಗಿನ ತೇಲುಬುರುಡೆಯ ಕೀಲು ಹಿಂಬದಿಗೆ ಬರುವಂತೆ ಜೋಡಣೆಯಾಗಿದ್ದುದರಿಂದ ವಿಮಾನ ಮೂತಿ ಎತ್ತಿದೊಡನೆ ಪೆಟ್ರೋಲ್ ಹರಿಯುವ ದಾರಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಾರ್ಬ್ಯುರೇಟರನ್ನು ತಿರುಗಿಸಿ ಕೂರಿಸಿದೊಡನೆ ದೋಷ ನಿವಾರಣೆಯಾಯಿತು. ಜಗತ್ತಿನ ಪ್ರಯಾಣಿಕ ವಿಮಾನಯಾನದ ದಿಕ್ಕನ್ನೇ ಬದಲಿಸಿದ ವಿಮಾನ ವಂಶವೊಂದು ತನ್ನ ಮೊದಲ ಹಾರಾಟದಲ್ಲೇ ಅಂಗೈಯಗಲದ ಭಾಗವೊಂದರಿಂದಾಗಿ ನೆಲ ಕಚ್ಚದೆ ಉಳಿದದ್ದು ಚಾಲಕನ ಕೈ ಮುಂದಕ್ಕೆ ಹೋದದ್ದರಿಂದ.

ಕೈ ಹೀಗೆ ಮುಂದಕ್ಕೆ ಹೋಗುವುದು ಸಹಜ ಪ್ರವೃತ್ತಿಯಲ್ಲ, ಕಲಿತ ವಿದ್ಯೆ. ನೆಲ ಸಮೀಪಿಸುತ್ತಿರುವಾಗ ಮನುಷ್ಯನ ಕೈ ನಿಯಂತ್ರಣ ದಂಡವನ್ನು ತನ್ನತ್ತ ಎಳೆದು ಮೂತಿಯನ್ನು ಎತ್ತಲು ಬಯಸುತ್ತದೆ, ಆದರೆ ಎಂಜಿನ್ ಇಲ್ಲದೆ ಮೂತಿ ಎತ್ತಿದರೆ ವೇಗ ಕುಸಿದು, ರೆಕ್ಕೆಯ ಮೇಲೆ ಹರಿಯುವ ಗಾಳಿ ಅಂಟಿಕೊಂಡು ಸಾಗದೆ ಕಿತ್ತುಹೋಗಿ, ರೆಕ್ಕೆ ವಿಮಾನವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಮೂತಿ ಎತ್ತುವ ಈ ಬಯಕೆಗಿಂತ ದೊಡ್ಡ ಸೆಳೆತವೆಂದರೆ ಬಿಟ್ಟುಬಂದ ರನ್‌ವೇಗೆ ತಿರುಗಿ ಹೋಗುವ ಆಸೆ. ವಿಮಾನ ತಿರುಗಬೇಕಾದರೆ ರೆಕ್ಕೆಯನ್ನು ಒಂದು ಬದಿಗೆ ವಾಲಿಸಬೇಕು, ವಾಲಿದಷ್ಟೂ ರೆಕ್ಕೆ ಹೊರಬೇಕಾದ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದಷ್ಟೂ ಸ್ಟಾಲ್ ಆಗುವ ವೇಗವೂ ಮೇಲೇರುತ್ತದೆ. 45 ಡಿಗ್ರಿ ವಾಲಿದಾಗ ಅದು ಶೇಕಡಾ 19ರಷ್ಟು, 60 ಡಿಗ್ರಿ ವಾಲಿದಾಗ ಶೇಕಡಾ 41ರಷ್ಟು ಹೆಚ್ಚು. ಅಲ್ಲದೆ ಹೊರಟ ಗೆರೆಗೇ ಮರಳಿ ಬರಲು ಅರ್ಧ ಸುತ್ತು ತಿರುಗಿದರೆ ಸಾಲದು, ಅದಕ್ಕಿಂತ ಹೆಚ್ಚು ತಿರುಗಿ ಮತ್ತೆ ಎದುರು ದಿಕ್ಕಿಗೆ ಸರಿಪಡಿಸಿಕೊಳ್ಳಬೇಕು. ಗಾಳಿಗೆ ಎದುರಾಗಿ ಏರಿದ ವಿಮಾನ ಮರಳುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು ನೆಲದ ಮೇಲಿನ ಓಟವನ್ನು ಉದ್ದವಾಗಿಸುತ್ತದೆ. ಮೊದಲ ಮಹಾಯುದ್ಧದ ಬ್ರಿಟಿಷ್ ತರಬೇತಿ ಮೈದಾನಗಳಲ್ಲಿ ಈ ತಿರುವಿಗೆ ಬಲಿಯಾದ ತರುಣರು ಒಬ್ಬಿಬ್ಬರಲ್ಲ. 1917ರಲ್ಲಿ ಗಾಸ್‌ಪೋರ್ಟ್ ಮೈದಾನದಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ರೂಪಿಸಿದ ಪಾಠಕ್ರಮವು ಅಪಾಯದಿಂದ ವಿದ್ಯಾರ್ಥಿಯನ್ನು ದೂರವಿಡುವ ಬದಲು ಅಪಾಯ ಏಕೆ ಉಂಟಾಗುತ್ತದೆ ಮತ್ತು ಅದರಿಂದ ಹೇಗೆ ಹೊರಬರಬೇಕು ಎಂಬುದನ್ನು ವಿಮಾನದಲ್ಲೇ ಮಾಡಿ ತೋರಿಸುವ ಪದ್ಧತಿಯನ್ನು ತಂದಿತು, ಮತ್ತು ಇಂದಿನ ಹಾರಾಟ ಶಿಕ್ಷಣವೆಲ್ಲ ಅದರ ಋಣದಲ್ಲಿದೆ. ಮೂತಿ ಇಳಿಸು, ವೇಗ ಉಳಿಸು, ಎದುರಿಗೆ ಸಿಕ್ಕ ಬಯಲಿನಲ್ಲಿ ಇಳಿ ಎಂಬ ಪಾಠವನ್ನು ರಯಾನ್ ಶಾಲೆಯಲ್ಲೂ ಕಲಿಸುತ್ತಿದ್ದರು, ಇಂದು ಬೆಂಗಳೂರಿನ ಜಕ್ಕೂರಿನ ಹಾರಾಟ ಶಾಲೆಯಲ್ಲೂ ಕಲಿಸುತ್ತಾರೆ.

ಹ್ಯಾರಿಸನ್ ಫೋರ್ಡ್ ಹವ್ಯಾಸಕ್ಕಾಗಿ ಅಪರೂಪಕ್ಕೊಮ್ಮೆ ವಿಮಾನ ಏರುವವರಾಗಿರಲಿಲ್ಲ. 1990ರ ದಶಕದಿಂದ ನಿರಂತರವಾಗಿ ಹಾರಾಟದಲ್ಲಿದ್ದ ಅವರು ಮಕ್ಕಳಿಗೆ ಹಾರಾಟದ ಮೊದಲ ಅನುಭವ ನೀಡುವ ಯಂಗ್ ಈಗಲ್ಸ್ ಯೋಜನೆಯ ಅಧ್ಯಕ್ಷರಾಗಿ 2004ರಿಂದ 2009ರವರೆಗೆ ಕೆಲಸ ಮಾಡಿದ್ದರು, ಮತ್ತು ವಯೋಮಿಂಗ್ ರಾಜ್ಯದ ಬೆಟ್ಟಗಳಲ್ಲಿ ಸಿಕ್ಕಿಕೊಂಡವರನ್ನು ತಮ್ಮ ಹೆಲಿಕಾಪ್ಟರಿನಲ್ಲಿ ಕರೆತಂದದ್ದೂ ಉಂಟು. ಘಟನೆಯ ದಿನ ಅವರಿಗೆ 72 ವರ್ಷ. 1942ರಲ್ಲಿ ಹುಟ್ಟಿದ ಅವರೂ ಅವರ ರಿಕ್ರೂಟ್ ವಿಮಾನವೂ ಒಂದೇ ವಯಸ್ಸಿನವರು. ಮಧ್ಯಾಹ್ನ ಸುಮಾರು 2 ಗಂಟೆ 20 ನಿಮಿಷಕ್ಕೆ ಸಮುದ್ರದ ಕಡೆಗೆ ಮುಖ ಮಾಡಿದ 21ನೇ ರನ್‌ವೇಯಿಂದ ಅವರು ಮೇಲೇರಿದರು. ರನ್‌ವೇಯ ಸಂಖ್ಯೆ ಅದರ ದಿಕ್ಕನ್ನು ಹತ್ತು ಡಿಗ್ರಿಗಳ ಲೆಕ್ಕದಲ್ಲಿ ಸೂಚಿಸುವುದರಿಂದ, ಒಂದೇ ಪಟ್ಟಿಯನ್ನು ಒಂದು ತುದಿಯಿಂದ 21 ಎಂದೂ ಎದುರು ತುದಿಯಿಂದ 3 ಎಂದೂ ಕರೆಯಲಾಗುತ್ತದೆ.

ವಿಮಾನವು ಸಮುದ್ರಮಟ್ಟದಿಂದ ಸುಮಾರು 1,100 ಅಡಿ, ಅಂದರೆ ನಿಲ್ದಾಣದ ನೆಲದಿಂದ ಸುಮಾರು 900 ಅಡಿ ಎತ್ತರ ತಲುಪಿದಾಗ ಎಂಜಿನ್ ಶಕ್ತಿ ಕಳೆದುಕೊಂಡಿತು. ಫೋರ್ಡ್ ಕಂಟ್ರೋಲ್ ಟವರಿಗೆ ಎಂಜಿನ್ ಕೈಕೊಟ್ಟಿರುವುದನ್ನು ತಿಳಿಸಿ ಕೂಡಲೇ ಮರಳಲು ಅನುಮತಿ ಕೇಳಿದರು. ಟವರಿನಲ್ಲಿದ್ದವರು 21ನೇ ರನ್‌ವೇಯಲ್ಲಿ ಇಳಿಯಲು ಒಪ್ಪಿಗೆ ಕೊಟ್ಟಾಗ, ಅಷ್ಟು ದೂರ ಸುತ್ತಿ ಬರುವುದು ಸಾಧ್ಯವಿಲ್ಲವೆಂದು ಅರಿತು ಎದುರು ತುದಿಯ 3ನೇ ರನ್‌ವೇಗೇ ಬರುವುದಾಗಿ ಉತ್ತರಿಸಿದರು. ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಯತ್ನಿಸಿದ ನೆನಪು ಅವರಿಗೆ ಉಳಿಯಲಿಲ್ಲ, ಆದರೆ ವೇಗವನ್ನು ಗಂಟೆಗೆ 85 ಮೈಲಿಯಲ್ಲಿ ಹಿಡಿದಿಟ್ಟುಕೊಂಡದ್ದು ನೆನಪಿತ್ತು. ಈ ಒಂದು ಅಂಕಿಯನ್ನು ಗಮನವಿಟ್ಟು ನೋಡಬೇಕು. ಪಿಟಿ-22 ನೇರ ಹಾರಾಟದಲ್ಲಿ ಸ್ಟಾಲ್ ಆಗುವುದು ಗಂಟೆಗೆ ಅರವತ್ತು ಚಿಲ್ಲರೆ ಮೈಲಿ ವೇಗದಲ್ಲಿ. 45 ಡಿಗ್ರಿ ವಾಲಿದರೆ ಅದು ಎಪ್ಪತ್ತೈದರ ಆಸುಪಾಸಿಗೆ ಬರುತ್ತದೆ, 60 ಡಿಗ್ರಿ ವಾಲಿದರೆ 85ನ್ನೂ ಮೀರುತ್ತದೆ. ಎಂಜಿನ್ ಇಲ್ಲದಾಗ ಬೇಗ ಬೇಗ ಕೆಳಗಿಳಿಯುವ ಸ್ವಭಾವದ ಈ ವಿಮಾನದಲ್ಲಿ, ಮನೆಗಳ ಮೇಲೆ, ತಿರುವಿನಲ್ಲಿ 85ನ್ನು ಬಿಟ್ಟುಕೊಡದಿರುವುದೆಂದರೆ ಎತ್ತರವನ್ನು ಕಣ್ಣೆದುರೇ ಖರ್ಚು ಮಾಡುತ್ತ ಹೋಗುವುದು. ಅದನ್ನು ಒಪ್ಪಿಕೊಂಡದ್ದರಿಂದಲೇ ರೆಕ್ಕೆ ಕೊನೆಯವರೆಗೂ ಚಾಲಕನ ಮಾತು ಕೇಳಿತು.

ನಿಲ್ದಾಣ ಹತ್ತಿರವಾದಂತೆ ರನ್‌ವೇ ತಲುಪಲು ಉಳಿದ ಎತ್ತರ ಸಾಲದೆಂಬುದು ಖಚಿತವಾಯಿತು. ರನ್‌ವೇಯ ಅಂಚಿಗೆ ತಲುಪಲು ಮೂತಿ ಎತ್ತಿ ಎಳೆದಾಡುವ ಬದಲು ಫೋರ್ಡ್ ಗಾಲ್ಫ್ ಮೈದಾನದ ಬಯಲನ್ನು ಆರಿಸಿಕೊಂಡರು. ಇಳಿಯುವ ದಾರಿಯಲ್ಲಿ ಸುಮಾರು 65 ಅಡಿ ಎತ್ತರದ ಮರವೊಂದರ ತುದಿಗೆ ವಿಮಾನ ತಗುಲಿತು. ವಿಮಾನ ಬಯಲಿಗೆ ಅಪ್ಪಳಿಸಿ, 3ನೇ ರನ್‌ವೇಯ ತುದಿಯಿಂದ ನೈರುತ್ಯಕ್ಕೆ ಸುಮಾರು 800 ಅಡಿ ದೂರದಲ್ಲಿ, ತಲೆಕೆಳಗಾಗದೆ ಚಕ್ರದ ಬದಿಯೇ ಕೆಳಗಾಗಿ ನಿಂತಿತು. ಬೆಂಕಿ ಹೊತ್ತಲಿಲ್ಲ. ಅಲ್ಲಿ ಗಾಲ್ಫ್ ಆಡುತ್ತಿದ್ದವರಲ್ಲಿ ಬೆನ್ನುಮೂಳೆಯ ಶಸ್ತ್ರವೈದ್ಯರೊಬ್ಬರು ಇದ್ದು, ಮೊದಲ ಉಪಚಾರ ಅವರಿಂದಲೇ ದೊರೆಯಿತು. ಫೋರ್ಡ್ ಮೂಳೆ ಮುರಿತಗಳ ಸಹಿತ ತೀವ್ರವಾಗಿ ಗಾಯಗೊಂಡಿದ್ದರು. ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ.

ಅಮೆರಿಕದಲ್ಲಿ ಇಂಥ ಅಪಘಾತಗಳ ತನಿಖೆ ನಡೆಸುವುದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ. ಅದು ಯಾರನ್ನೂ ಶಿಕ್ಷಿಸುವ ಸಂಸ್ಥೆಯಲ್ಲ. ಕಾರಣವನ್ನು ಪತ್ತೆ ಹಚ್ಚಿ ಪ್ರಕಟಿಸುವುದು ಅದರ ಕೆಲಸ. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂದ ವರದಿಯು ದೋಷವನ್ನು ಕಾರ್ಬ್ಯುರೇಟರಿನೊಳಗೆ ತೋರಿಸಿತು. ಕಾರ್ಬ್ಯುರೇಟರೆಂದರೆ ಎಂಜಿನ್ನಿಗೆ ಹೋಗುವ ಗಾಳಿಯಲ್ಲಿ ಪೆಟ್ರೋಲನ್ನು ಹದವಾಗಿ ಬೆರೆಸುವ ಸಾಧನ. ಗಾಳಿ ಇಕ್ಕಟ್ಟಾದ ಕತ್ತಿನ ಮೂಲಕ ನುಗ್ಗುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ, ಆ ಸೆಳೆತಕ್ಕೆ ಪೆಟ್ರೋಲ್ ಮೇಲೇಳುತ್ತದೆ, ಮತ್ತು ಎಷ್ಟು ಪೆಟ್ರೋಲ್ ಏಳಬೇಕೆಂಬುದನ್ನು ನಿರ್ಧರಿಸುವುದು ಅಳತೆಗೆ ಸರಿಯಾಗಿ ರಂಧ್ರ ಕೊರೆದ, ತಿರುಪಿನಂತೆ ಬಿಗಿದು ಕೂರಿಸುವ ಹಿತ್ತಾಳೆಯ ತುಣುಕೊಂದು. ಇದನ್ನು ಜೆಟ್ ಎನ್ನುತ್ತಾರೆ. ತೂಕದ ಲೆಕ್ಕದಲ್ಲಿ ಸುಮಾರು 15 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂಬುದು ಪೂರ್ಣವಾಗಿ ಉರಿಯುವ ಹದ. ಫೋರ್ಡ್ ಅವರ ವಿಮಾನದಲ್ಲಿ ಮುಖ್ಯ ಜೆಟ್ ತನ್ನ ನೆಲೆಯಿಂದ ತಿರುಪು ಕಳಚಿಕೊಂಡು ಸುಮಾರು 90 ಡಿಗ್ರಿ ಅಡ್ಡಕ್ಕೆ ಹೊರಳಿತ್ತು. ಅಳತೆಯ ರಂಧ್ರವನ್ನು ದಾಟಿಯೇ ಬರಬೇಕಾಗಿದ್ದ ಪೆಟ್ರೋಲ್ ಈಗ ತಡೆಯಿಲ್ಲದೆ ನುಗ್ಗಿ ಮಿಶ್ರಣವನ್ನು ವಿಪರೀತ ಗಾಢವಾಗಿಸಿತು. ಹಳೆಯ ಸ್ಕೂಟರಿನಲ್ಲಿ ಪೆಟ್ರೋಲ್ ಓವರ್‌ಫ್ಲೋ ಆದಾಗ ಎಂಜಿನ್ ಉಸಿರುಗಟ್ಟಿ ನಿಲ್ಲುವಂತೆ ಕಿನ್ನರ್ ಎಂಜಿನ್ ಕೂಡ ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿಲ್ಲವೆಂದಲ್ಲ, ಎಂಜಿನ್ನಿಗೆ ಅದು ಬೇಕಾದುದಕ್ಕಿಂತ ಹೆಚ್ಚಾಗಿ ಬಂದಿತ್ತು.

ಜೆಟ್ ಒಂದೇ ದಿನದಲ್ಲಿ ಕಳಚಿಕೊಂಡದ್ದಲ್ಲ, ಕಾಲಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಸಡಿಲಗೊಂಡಿರಬೇಕೆಂಬುದು ತನಿಖೆಯ ತೀರ್ಮಾನ. ವಿಮಾನವನ್ನು ಅಪಘಾತಕ್ಕೆ ಸುಮಾರು 17 ವರ್ಷಗಳ ಹಿಂದೆ ಪೂರ್ತಿಯಾಗಿ ಪುನರುಜ್ಜೀವನಗೊಳಿಸಿದಾಗ ಕಾರ್ಬ್ಯುರೇಟರನ್ನೂ ಬಿಚ್ಚಿ ಮತ್ತೆ ಕಟ್ಟಲಾಗಿತ್ತು. ಜೆಟ್ಟನ್ನು ಹೇಗೆ ಬಿಗಿಯಬೇಕು, ಎಷ್ಟು ಕಾಲಕ್ಕೊಮ್ಮೆ ನೋಡಬೇಕು ಎಂಬುದರ ಬಗ್ಗೆ ನಿರ್ವಹಣಾ ಕೈಪಿಡಿಯಲ್ಲಿ ಸೂಚನೆಯೇ ಇರಲಿಲ್ಲ. ಯುದ್ಧಕಾಲದಲ್ಲಿ ಆ ಪುಟಗಳನ್ನು ಬರೆದವರಿಗೆ ಅದರ ಅಗತ್ಯವೂ ತೋರಿರಲಾರದು. ಹೊಸ ವಿಮಾನಗಳು ಸಾಲುಸಾಲಾಗಿ ಬರುತ್ತಿದ್ದ, ಎಂಜಿನ್ನುಗಳನ್ನು ಮೇಲಿಂದ ಮೇಲೆ ಬಿಚ್ಚಿ ಕಟ್ಟುತ್ತಿದ್ದ ಕಾಲದಲ್ಲಿ ಜೆಟ್ಟೊಂದು ಹದಿನೇಳು ವರ್ಷ ಒಂದೇ ಕಡೆ ನಡುಗುತ್ತ ಕೂರುವ ಸಂದರ್ಭವೇ ಬರುತ್ತಿರಲಿಲ್ಲ. ಯಂತ್ರಗಳ ಆಯುಷ್ಯ ಅವುಗಳ ಪುಸ್ತಕಗಳ ಆಯುಷ್ಯವನ್ನು ಮೀರಿದಾಗ ಉಂಟಾಗುವ ಈ ಕಂದಕವನ್ನು ಎಷ್ಟೇ ನಿಷ್ಠಾವಂತ ಮೆಕ್ಯಾನಿಕ್ ಆದರೂ ಓದಿನಿಂದ ತುಂಬಲಾರ, ಏಕೆಂದರೆ ಅದು ಪುಸ್ತಕದಲ್ಲಿ ಬರೆಯದೆ ಬಿಟ್ಟ ಜಾಗದಲ್ಲಿದೆ.

ವರದಿಯ ಎರಡನೆಯ ಭಾಗ ಪತ್ರಿಕೆಗಳಲ್ಲಿ ಅಷ್ಟಾಗಿ ಚರ್ಚೆಯಾಗಲಿಲ್ಲ, ಆದರೆ ಸಣ್ಣ ವಿಮಾನಗಳ ಒಡೆಯರಿಗೆ ಅದೇ ಹೆಚ್ಚು ಮುಖ್ಯ. ಪಿಟಿ-22 ತಯಾರಾದಾಗ ಅದರಲ್ಲಿ ಸೊಂಟಪಟ್ಟಿ ಮಾತ್ರ ಇತ್ತು. ಎದೆ ಮತ್ತು ತಲೆ ಮುಂದಕ್ಕೆ ಎಸೆಯಲ್ಪಡದಂತೆ ಹಿಡಿಯುವ ಭುಜಪಟ್ಟಿಯನ್ನು ಆಮೇಲೆ ಸೇರಿಸಲಾಗಿತ್ತು. ಸೇರಿಸಿದ ಉದ್ದೇಶ ಒಳ್ಳೆಯದೇ. ಆದರೆ ಪಟ್ಟಿಯ ಬೋಲ್ಟನ್ನು ಕೂರಿಸಿದ ಆಸನದ ಬೆನ್ನು ಹಗುರವಾದ ಅಲ್ಯೂಮಿನಿಯಂ ತಗಡಿನದು, ಮತ್ತು ಆ ಜಾಗವನ್ನು ಬಲಪಡಿಸುವ ಯಾವ ಆಸರೆಯನ್ನೂ ಕೊಟ್ಟಿರಲಿಲ್ಲ. ವಿಮಾನ ನೆಲಕ್ಕೆ ಬಡಿದ ರಭಸಕ್ಕೆ ಬೋಲ್ಟು, ವಾಷರು, ನಟ್ಟು ಎಲ್ಲವೂ ತಗಡನ್ನು ಸೀಳಿಕೊಂಡು ಹೊರಬಂದವು. ಪಟ್ಟಿ ಹರಿಯಲಿಲ್ಲ, ಅದನ್ನು ಹಿಡಿದಿದ್ದ ಆಸನವೇ ಬಿಟ್ಟುಕೊಟ್ಟಿತು. ಚಾಲಕನ ಗಾಯಗಳ ತೀವ್ರತೆಗೆ ಈ ಸರಿಯಿಲ್ಲದ ಜೋಡಣೆಯೂ ಕಾರಣವೆಂದು ಮಂಡಳಿ ದಾಖಲಿಸಿತು. ತುರ್ತು ಇಳಿತದ ಕೊನೆಯ ಕ್ಷಣದಲ್ಲಿ ಚಾಲಕನ ಕೌಶಲಕ್ಕೆ ಕೆಲಸವಿರುವುದಿಲ್ಲ. ಅಲ್ಲಿಂದ ಮುಂದೆ ಜೀವ ಕಾಯುವುದು ಬಹಳ ಹಿಂದೆಯೇ ಯಾರೋ ಕಾರ್ಯಾಗಾರದಲ್ಲಿ ಬಿಗಿದ ನಟ್ಟು ಬೋಲ್ಟುಗಳು.

ಘಟನೆಯು ಸಾಂಟಾ ಮೋನಿಕಾದಲ್ಲಿ ಮೊದಲೇ ಹೊಗೆಯಾಡುತ್ತಿದ್ದ ವಿವಾದಕ್ಕೂ ಸೇರಿಕೊಂಡಿತು. ಒಂದು ಕಾಲಕ್ಕೆ ಡಗ್ಲಾಸ್ ಕಾರ್ಖಾನೆಯ ಕೆಲಸಗಾರರಿಗಾಗಿ ಎದ್ದ ಮನೆಗಳು ನಿಲ್ದಾಣದ ಬೇಲಿಯವರೆಗೂ ಬಂದಿದ್ದವು. ಕಾರ್ಖಾನೆ ಹೋದ ಮೇಲೆ ಅಲ್ಲಿನ ನಿವಾಸಿಗಳಿಗೆ ಉಳಿದದ್ದು ಸದ್ದು, ಹೊಗೆ ಮತ್ತು ಭಯ. ನಿಲ್ದಾಣವನ್ನು ಮುಚ್ಚಬೇಕೆಂಬ ಬೇಡಿಕೆ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದು, 2017ರಲ್ಲಿ ನಗರಾಡಳಿತಕ್ಕೂ ಕೇಂದ್ರ ವಾಯುಯಾನ ಇಲಾಖೆಗೂ ಒಪ್ಪಂದವಾಯಿತು. ಅದರಂತೆ ಸುಮಾರು 5,000 ಅಡಿ ಉದ್ದವಿದ್ದ ರನ್‌ವೇಯನ್ನು ಅದೇ ವರ್ಷದ ಡಿಸೆಂಬರ್ ಹೊತ್ತಿಗೆ 3,500 ಅಡಿಗೆ ಇಳಿಸಲಾಯಿತು, ಮತ್ತು 2028ರ ಡಿಸೆಂಬರ್ 31ರ ನಂತರ ನಿಲ್ದಾಣವನ್ನೇ ಮುಚ್ಚುವ ಅಧಿಕಾರ ನಗರಕ್ಕೆ ದೊರೆಯಿತು. ರಿಕ್ರೂಟ್ ಬಿದ್ದದ್ದನ್ನು ಮುಚ್ಚುವುದರ ಪರವಾದ ಸಾಕ್ಷ್ಯವೆಂದು ನಿವಾಸಿಗಳು ಮುಂದಿಟ್ಟರೆ, ನಿಲ್ದಾಣದ ಸುತ್ತ ಬಯಲು ಉಳಿಸಿಕೊಳ್ಳುವುದೇ ಜಾಣತನವೆಂಬುದಕ್ಕೆ ಅದೇ ಘಟನೆ ಸಾಕ್ಷಿಯೆಂದು ಚಾಲಕರು ವಾದಿಸಬಲ್ಲರು. ಗಾಲ್ಫ್ ಮೈದಾನದ ಹುಲ್ಲಿನ ಜಾಗದಲ್ಲಿ ಮನೆಗಳ ಸಾಲು ಇದ್ದಿದ್ದರೆ 85 ಮೈಲಿಯ ವೇಗವನ್ನು ಎಷ್ಟು ಶಿಸ್ತಿನಿಂದ ಕಾಯ್ದುಕೊಂಡರೂ ಇಳಿಯಲು ಜಾಗವಿರುತ್ತಿರಲಿಲ್ಲ.